ಸೊನ್ನೆ ಬಿಲ್ ಬಂದರೂ ಒಮ್ಮೆ ಓದಿ

ಕರೆಂಟ್ ಬಿಲ್ ಸೊನ್ನೆ ಬರಲು ಶುರುವಾದ ಮೇಲೆ ನಮ್ಮ ಮನೆಗಳಲ್ಲಿ ಬಿಲ್ ಓದುವ ಅಭ್ಯಾಸವೇ ಹೋಗಿದೆ. ಮೀಟರ್ ರೀಡರ್ ಬರುತ್ತಾರೆ, ಚೀಟಿ ಹರಿದು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಕೊನೆಯ ಸಾಲಿನಲ್ಲಿ ಸೊನ್ನೆ ಕಂಡರೆ ಸಾಕು, ಚೀಟಿ ಕಸದ ಬುಟ್ಟಿಗೆ. ಇದು ನಮಗೇ ನಷ್ಟ. ಆ ಸೊನ್ನೆಯ ಮೇಲಿರುವ ಸಾಲುಗಳಲ್ಲಿ ಕಳೆದ ಕೆಲವು ವರ್ಷಗಳಲ್ಲಿ ದೊಡ್ಡ ಬದಲಾವಣೆಗಳಾಗಿವೆ. ನೋಡದೇ ಇರುವುದರಿಂದ ಅವು ಯಾರ ಗಮನಕ್ಕೂ ಬರುತ್ತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಗಳಿಗೆ ಉಚಿತ ಕರೆಂಟ್ ಕೊಡುವ ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆ ಬೇಡ ಅನ್ನುವವನಲ್ಲ ನಾನು. ತಿಂಗಳಿಗೆ ಏಳೆಂಟು ನೂರು ಉಳಿಯುವುದು ಎಷ್ಟೋ ಮನೆಗಳಲ್ಲಿ ಮಕ್ಕಳ ಬಸ್ ಪಾಸು, ಗ್ಯಾಸ್ ಸಿಲಿಂಡರ್ ಆಗುತ್ತದೆ. ಯೋಜನೆ ಮುಂದುವರಿಯಲಿ. ಆದರೆ ನಿಮ್ಮ ಬಿಲ್ ಮಾಯವಾಗಿಲ್ಲ, ಬೇರೆ ಕಡೆಯಿಂದ ಪಾವತಿಯಾಗುತ್ತಿದೆ ಅಷ್ಟೇ. ವಿದ್ಯುತ್ ಕಂಪನಿಗೆ ಸರ್ಕಾರ ಕೊಡುತ್ತದೆ, ಸರ್ಕಾರಕ್ಕೆ ನಾವು ತೆರಿಗೆಯಲ್ಲಿ ಕೊಡುತ್ತೇವೆ.

ಈಗ ವಿಷಯಕ್ಕೆ ಬರೋಣ. ಬಿಲ್‌ನಲ್ಲಿ ಎಲ್ಲರೂ ಹುಡುಕುವುದು ಯೂನಿಟ್ ಸಂಖ್ಯೆ. ನಾನು ಹೇಳುವುದು, ಮೊದಲು ಮಂಜೂರಾದ ಲೋಡ್ ನೋಡಿ. ಇಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಮನೆ ಕಟ್ಟುವಾಗ ಕಂಟ್ರಾಕ್ಟರು ಅರ್ಜಿಯಲ್ಲಿ ಬರೆದ ಸಂಖ್ಯೆ ಅದು. 2 ಇರಬಹುದು, 3 ಇರಬಹುದು, ಕೆಲವರದ್ದು 5 ಇರುತ್ತದೆ. ನಿಗದಿತ ಶುಲ್ಕ, ಅಂದರೆ ಫಿಕ್ಸೆಡ್ ಚಾರ್ಜ್, ಬೀಳುವುದು ಇದರ ಮೇಲೆ. ನೀವು ತಿಂಗಳಿಡೀ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಅದು ಬೀಳುತ್ತದೆ.

2024-25ರಲ್ಲಿ ಈ ಶುಲ್ಕ ಕಿಲೋವ್ಯಾಟ್‌ಗೆ 120 ರೂಪಾಯಿ ಇತ್ತು. 2025ರ ಏಪ್ರಿಲ್‌ನಿಂದ 145 ಆಯಿತು. ಅದೇ ಹೊತ್ತಿಗೆ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ದರ ಇಳಿಯಿತು ಅಂತ ಕೇಳಿ ಖುಷಿಪಟ್ಟವರು ನಮ್ಮ ಬೀದಿಯಲ್ಲೇ ಇದ್ದರು. ಜೊತೆಗೇ ಇನ್ನೊಂದು ಹೊಸ ಸಾಲು ಸೇರಿತ್ತು. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ. ಹತ್ತು ಪೈಸೆ ಇಳಿಸಿ ಮೂವತ್ತಾರು ಏರಿಸಿದರೆ ಯೂನಿಟ್ ದುಬಾರಿಯೇ ಆಯಿತು ಅಲ್ವಾ?

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಗೃಹಜ್ಯೋತಿ ಇಲ್ಲದ ಒಂದು ಮನೆ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಲೋಡ್ 3 ಕಿಲೋವ್ಯಾಟ್, ತಿಂಗಳಿಗೆ ಬಳಸುವುದು 60 ಯೂನಿಟ್. 2025-26ರ ದರದಲ್ಲಿ ಅವರು ಬಳಸಿದ ಕರೆಂಟಿಗೆ 348 ರೂಪಾಯಿ. ನಿಗದಿತ ಶುಲ್ಕ 435 ರೂಪಾಯಿ. ಬಳಸಿದ್ದಕ್ಕಿಂತ ಬಳಸದೇ ಕೊಡುವುದೇ ಜಾಸ್ತಿ! ಪಿಂಚಣಿ ಸರ್‌ಚಾರ್ಜ್, ಯೂನಿಟ್ ದರದ ಮೇಲಿನ ಶೇ. 9 ವಿದ್ಯುತ್ ತೆರಿಗೆ ಸೇರಿಸಿದರೆ ಒಟ್ಟು ಸುಮಾರು 836. ಭಾಗಿಸಿ ನೋಡಿ, ಯೂನಿಟ್‌ಗೆ ಹತ್ತಿರಹತ್ತಿರ 14 ರೂಪಾಯಿ ಬೀಳುತ್ತದೆ. ಆ ಅಜ್ಜ ಲೈಟ್ ಆರಿಸುತ್ತಾ ಮನೆಯೆಲ್ಲ ಓಡಾಡಿದರೂ ಈ 435ರಲ್ಲಿ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ. ಕಡಿಮೆ ಬಳಸುವವರ ಮೇಲೆ ಹೀಗೆ ಹೊರೆ ಹಾಕುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲದಕ್ಕೂ ಖರ್ಚಿದೆ, ಒಪ್ಪುತ್ತೇನೆ. ಆದರೆ ಆ ಖರ್ಚಿನ ಭಾರ ದೊಡ್ಡ ಬಂಗಲೆಗಿಂತ ಸಣ್ಣ ಮನೆಗೆ ಹೆಚ್ಚು ತಾಗುತ್ತಿದೆ.

ಇದಕ್ಕೆ ಒಂದು ಹಿನ್ನೆಲೆಯೂ ಇದೆ. 2023-24ರಲ್ಲಿ 100 ಯೂನಿಟ್‌ವರೆಗೆ ಬಳಸಿದವರಿಗೆ ಯೂನಿಟ್‌ಗೆ 4.75 ಇತ್ತು. ನೂರು ದಾಟಿದರೆ ಬಳಸಿದ ಎಲ್ಲ ಯೂನಿಟ್‌ಗೂ 7 ರೂಪಾಯಿ. 2024ರ ಏಪ್ರಿಲ್‌ನಲ್ಲಿ ಎರಡನ್ನೂ ಸೇರಿಸಿ ಎಲ್ಲರಿಗೂ 5.90 ಮಾಡಿದರು. ಜಾಸ್ತಿ ಬಳಸುವವರಿಗೆ ಇಳಿಯಿತು, ಕಡಿಮೆ ಬಳಸುವವರಿಗೆ ಏರಿತು. ಬೇರೆ ಕಾಲದಲ್ಲಾಗಿದ್ದರೆ ಬೀದಿಬೀದಿಯಲ್ಲಿ ಇದರ ಮಾತಾಗುತ್ತಿತ್ತು. 2023ರ ಜೂನ್‌ನಲ್ಲಿ ಏರಿದ ದರದ ಹಿಂಬಾಕಿ ಸೇರಿ ಬಿಲ್ ಬಂದಾಗ ಎಷ್ಟು ಗಲಾಟೆಯಾಯಿತು, ನೆನಪಿದೆಯಾ? 2024ರಲ್ಲಿ ಹೆಚ್ಚಿನ ಮನೆಗಳಲ್ಲಿ ಸೊನ್ನೆ ಬರುತ್ತಿತ್ತು. ಯಾರೂ ಕೇಳಲಿಲ್ಲ.

ಲೋಡ್ ವಿಷಯದಲ್ಲಿ ನಾವು ಮಾಡಬಹುದಾದ ಕೆಲಸ ಒಂದಿದೆ. ಡಿಜಿಟಲ್ ಮೀಟರ್‌ನ ಗುಂಡಿ ಒತ್ತುತ್ತಾ ಹೋದರೆ ಎಂಡಿ ಅಂತ ಒಂದು ಸಂಖ್ಯೆ ಬರುತ್ತದೆ. ನಿಮ್ಮ ಮನೆ ಒಂದೇ ಹೊತ್ತಿಗೆ ಅತಿ ಹೆಚ್ಚು ಎಷ್ಟು ಕರೆಂಟ್ ಎಳೆದಿದೆ ಅನ್ನುವ ಲೆಕ್ಕ ಅದು. ಮಂಜೂರಾದದ್ದು 5 ಇದ್ದು, ಬೇಸಿಗೆಯಲ್ಲೂ ಚಳಿಗಾಲದಲ್ಲೂ ಎಂಡಿ 2ನ್ನು ದಾಟದಿದ್ದರೆ, ಉಪವಿಭಾಗದ ಕಚೇರಿಗೆ ಹೋಗಿ ಲೋಡ್ ಕಡಿಮೆ ಮಾಡಿಸಲು ಅರ್ಜಿ ಕೊಡಿ. ಒಂದು ಕಿಲೋವ್ಯಾಟ್ ಇಳಿದರೂ 2025-26ರ ದರದಲ್ಲಿ ವರ್ಷಕ್ಕೆ 1,740 ರೂಪಾಯಿ ಉಳಿಯುತ್ತದೆ. ಎಂಡಿ ಮಂಜೂರಾದದ್ದಕ್ಕಿಂತ ಮೇಲೆ ಹೋಗುತ್ತಿದ್ದರೆ ಮಾತ್ರ ಎಚ್ಚರ. ಗೀಸರ್, ನೀರಿನ ಮೋಟರ್, ಇಸ್ತ್ರಿಪೆಟ್ಟಿಗೆ ಮೂರನ್ನೂ ಬೆಳಗ್ಗೆ ಒಟ್ಟಿಗೆ ಹಾಕುವ ಮನೆಗಳಲ್ಲಿ ಹೀಗಾಗುತ್ತದೆ.

ಇನ್ನು ಗೃಹಜ್ಯೋತಿ ಇರುವ ಮನೆಗಳು. "200 ಯೂನಿಟ್ ಫ್ರೀ" ಅಂತ ಬಹಳ ಜನ ಇವತ್ತಿಗೂ ನಂಬಿದ್ದಾರೆ. ಪಕ್ಕದ ಮನೆಯ ಅಕ್ಕ ಮೊನ್ನೆ ಬಿಲ್ ಹಿಡಿದುಕೊಂಡು ಬಂದರು. "ನೋಡಪ್ಪಾ, 180 ಯೂನಿಟ್ಟೇ ಬಂದಿರೋದು, ಆದ್ರೂ ದುಡ್ಡು ಹಾಕಿದ್ದಾರೆ" ಅಂದರು. ತಪ್ಪೇನೂ ಆಗಿರಲಿಲ್ಲ. ಒಬ್ಬೊಬ್ಬರ ಮಿತಿ ಒಂದೊಂದು. 2022-23ರಲ್ಲಿ ನೀವು ತಿಂಗಳಿಗೆ ಬಳಸಿದ್ದರ ಸರಾಸರಿ, ಅದರ ಮೇಲೆ ಶೇ. 10. ತೀರಾ ಕಡಿಮೆ ಬಳಸುವವರಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಮಾಡಿದರು. ನಿಮ್ಮ ಮಿತಿ ದಾಟಿ 200ರ ಒಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್.

ಈ ಕೊನೆಯ ಸಾಲನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ. ನಿಮ್ಮ ಮಿತಿ 150, ಲೋಡ್ 3 ಕಿಲೋವ್ಯಾಟ್ ಅಂತಿಟ್ಟುಕೊಳ್ಳಿ. 200 ಯೂನಿಟ್ ಬಳಸಿದರೆ 2025-26ರ ದರದಲ್ಲಿ ಹೆಚ್ಚುವರಿ 50ಕ್ಕೆ ಸುಮಾರು 335 ರೂಪಾಯಿ. 201 ಆದರೆ 1,775 ದಾಟುತ್ತದೆ. ಒಂದೇ ಯೂನಿಟ್‌ಗೆ ಸಾವಿರದ ನಾನೂರಕ್ಕೂ ಹೆಚ್ಚು! ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಅಷ್ಟೇ ವ್ಯತ್ಯಾಸ. ಹಾಗಾಗಿ ತಿಂಗಳ ಕೊನೆಯ ವಾರದಲ್ಲಿ ಮೀಟರ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಹಿಂದಿನ ಬಿಲ್‌ನ ರೀಡಿಂಗ್ ಕಳೆದರೆ ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಹಳೆಯ ಚೀಟಿ ಬಿಸಾಡಬೇಡಿ ಅನ್ನುವುದು ಇದಕ್ಕೇ.

ಯೂನಿಟ್ ಎಲ್ಲೆಲ್ಲಿ ಹೋಗುತ್ತದೆ ಅಂತ ಕೇಳುವವರಿಗೆ: 75 ವ್ಯಾಟಿನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಆದರೆ ಹನ್ನೊಂದರ ಆಸುಪಾಸು. ಯಾವಾಗಲೂ ಆನ್ ಇರುವ ವೈಫೈ ಡಬ್ಬಿ ಕೂಡ ತಿಂಗಳಿಗೆ ಏಳು ಯೂನಿಟ್ ತಿನ್ನಬಹುದು. ಎಲ್‌ಇಡಿ ಬಲ್ಬ್ ಬಗ್ಗೆ ಮಕ್ಕಳನ್ನು ಬೈಯುವುದಕ್ಕಿಂತ ಗೀಸರ್ ಸ್ವಿಚ್ ನೋಡಿಕೊಳ್ಳುವುದು ಲಾಭ.

ನನಗೆ ನಿಜವಾಗಿ ಸಂಕಟವಾಗುವುದು ಬಾಡಿಗೆ ಮನೆಗಳ ವಿಷಯ. ಎಷ್ಟೋ ವಠಾರಗಳಲ್ಲಿ ನಾಲ್ಕು ಮನೆಗೂ ಒಂದೇ ಆರ್.ಆರ್. ನಂಬರ್, ಅಂದರೆ ಒಂದೇ ವಿದ್ಯುತ್ ಸಂಪರ್ಕ. ಒಳಗೆ ಸಬ್ ಮೀಟರ್ ಇಟ್ಟು ಮಾಲೀಕರು ಯೂನಿಟ್‌ಗೆ ಹತ್ತು ರೂಪಾಯಿ ವಸೂಲಿ ಮಾಡುತ್ತಾರೆ. ನಾಲ್ಕೂ ಮನೆ ಸೇರಿ 200 ದಾಟದೇ ಇರುತ್ತದೆಯೇ? ಒಬ್ಬೊಬ್ಬರು 60 ಯೂನಿಟ್ ಬಳಸಿದರೂ ಒಬ್ಬರಿಗೂ ಯೋಜನೆ ಸಿಗುವುದಿಲ್ಲ. ಅತಿ ಹೆಚ್ಚು ಅಗತ್ಯ ಇರುವವರೇ ಹೊರಗೆ. ಬಾಡಿಗೆಗೆ ಹೋಗುವ ಮುನ್ನ ಪ್ರತ್ಯೇಕ ಮೀಟರ್ ಇದೆಯೇ ಕೇಳಿ. ಇದ್ದರೆ ಹಿಂದಿನ ಬಾಡಿಗೆದಾರರ ಗೃಹಜ್ಯೋತಿ ನೋಂದಣಿ ರದ್ದಾಗಿದೆಯೇ ಅಂತಲೂ ಕೇಳಿ. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅದನ್ನು ರದ್ದು ಮಾಡಬಹುದು. ಮಾಲೀಕರಿಗೂ ನನ್ನ ವಿನಂತಿ ಇದೆ: ಬೇರೆ ಬೇರೆ ಮೀಟರ್ ಹಾಕಿಸಿಕೊಡಿ. ಒಮ್ಮೆ ಖರ್ಚಾಗುತ್ತದೆ, ಆದರೆ ನಾಲ್ಕು ಸಂಸಾರಕ್ಕೆ ಉಪಕಾರವಾಗುತ್ತದೆ.

ಉಳಿದ ಒಂದೆರಡು ಸಾಲು ಬೇಗ ಹೇಳಿಬಿಡುತ್ತೇನೆ. ಎಫ್‌ಪಿಪಿಸಿಎ ಅನ್ನುವುದು ಕರೆಂಟ್ ಖರೀದಿ ವೆಚ್ಚದ ಏರಿಳಿತದ ಲೆಕ್ಕ. ಕೆಲವೊಮ್ಮೆ ಮೈನಸ್ ಕೂಡ ಬರುತ್ತದೆ. ಹೆಚ್ಚುವರಿ ಭದ್ರತಾ ಠೇವಣಿ ಅಂತ ನೋಟಿಸ್ ಬಂದರೆ ಗಾಬರಿ ಬೇಡ. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಇರಬೇಕು ಅನ್ನುವ ನಿಯಮ. ಅದು ನಿಮ್ಮದೇ ಹಣ, ಅದಕ್ಕೆ ಬಡ್ಡಿ ಕೊಡಬೇಕು ಅಂತ 2003ರ ವಿದ್ಯುತ್ ಕಾಯ್ದೆಯಲ್ಲೇ ಇದೆ. ಬಡ್ಡಿ ಜಮೆಯಾಗಿದೆಯೇ ಅಂತ ವರ್ಷಕ್ಕೊಮ್ಮೆ ಬಿಲ್‌ನಲ್ಲಿ ನೋಡಿ. ಯೂನಿಟ್ ಸುಮ್ನೆ ಏರುತ್ತಿದೆ ಅನಿಸಿದರೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮೀಟರಿನ ಕೆಂಪು ದೀಪ ನೋಡಿ. ಆಗಲೂ ಮಿಣುಕುತ್ತಿದ್ದರೆ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.

ಈ ದರಗಳನ್ನೆಲ್ಲ ತೀರ್ಮಾನಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕಂಪನಿಗಳು ಏರಿಕೆ ಕೇಳಿ ಅರ್ಜಿ ಹಾಕಿದಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಸಾರ್ವಜನಿಕರ ಆಕ್ಷೇಪಣೆ ಕೇಳುತ್ತಾರೆ, ವಿಚಾರಣೆ ನಡೆಯುತ್ತದೆ. 2025ರಲ್ಲಿ ಮೂರು ವರ್ಷದ ದರವನ್ನು ಒಂದೇ ಸಲ ನಿಗದಿ ಮಾಡಿದ್ದಾರೆ. ಕೈಗಾರಿಕೆಯವರು ವಿಚಾರಣೆಗೆ ತಯಾರಾಗಿಯೇ ಹೋಗುತ್ತಾರೆ. 60 ಯೂನಿಟ್ ಬಳಸುವ ಮನೆಯ ಪರವಾಗಿ ಮಾತಾಡುವವರು ಬೇಕು. ಮುಂದಿನ ಪ್ರಕಟಣೆ ಬಂದಾಗ ನಿಗದಿತ ಶುಲ್ಕದ ಬಗ್ಗೆ ನಾನು ಆಕ್ಷೇಪಣೆ ಬರೆಯುವವನಿದ್ದೇನೆ. ಜೊತೆಗೆ ಬರುವವರು ನಿಮ್ಮ ಹಳೆಯ ಬಿಲ್‌ಗಳನ್ನು ಈಗಿನಿಂದಲೇ ಎತ್ತಿಟ್ಟುಕೊಳ್ಳಿ, ಸೊನ್ನೆ ಬಂದವೂ ಸೇರಿ.