ಮಳೆಗಾಲಕ್ಕೆ ಒಂದು ದಿನದ ಮರಿ ಬೇಡ

ವಿಟ್ಲ, ಪುತ್ತೂರು ಕಡೆ ಕೋಳಿ ಸಾಕುವುದೆಂದರೆ ಹೆಚ್ಚಾಗಿ ಇಪ್ಪತ್ತೈದು ಗಿರಿರಾಜ ತಳಿಯ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಬಲ್ಬಿನಡಿ ಬಿಡುವುದು. ಗಡಿ ದಾಟಿ ಕೇರಳದಲ್ಲಿರುವ ನಮ್ಮ ಪೆರ್ಲ, ಬದಿಯಡ್ಕಕ್ಕೆ ಬಂದರೆ ಕ್ರಮ ಬೇರೆ. ಪಂಚಾಯತ್ ಯೋಜನೆಯಲ್ಲಿ ಸಿಗುವ ಒಂದೂವರೆ-ಎರಡು ತಿಂಗಳ ಐದಾರು ಮರಿ, ಇಲ್ಲವೇ ಕಬ್ಬಿಣದ ಬಲೆಗೂಡಿನಲ್ಲಿ ಬಿವಿ-380 ಎಂಬ ಮೊಟ್ಟೆಕೋಳಿ. ಎರಡೂ ಕಡೆ ಅದೇ ಮುರಕಲ್ಲು ನೆಲ, ಅದೇ ಅಡಿಕೆತೋಟ, ಅದೇ ಜಡಿಮಳೆ. ಮರಿಯ ಪ್ರಾಯದ ಮಟ್ಟಿಗೆ ಕೇರಳದ ಕ್ರಮ ಸರಿ, ಗೂಡಿನ ಮಟ್ಟಿಗೆ ಅಲ್ಲ ಎಂಬುದು ನನ್ನ ಅನಿಸಿಕೆ.

ಒಂದು ದಿನದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಮರಿಯೊಂದಕ್ಕೆ 2 ವಾಟಿನ ಲೆಕ್ಕ. ಇಪ್ಪತ್ತೈದಕ್ಕೆ 60 ವಾಟಿನ ಹಳೇ ಮಾದರಿಯ ಬಲ್ಬು. ಎಲ್‌ಇಡಿ ಹಾಕಿ, ಶಾಖವಿಲ್ಲದಿದ್ದರೂ ಬೆಳಕಿದೆಯಲ್ಲ ಎಂದು ಮಲಗಿದರೆ ಬೆಳಗಾಗುವಾಗ ಮರಿಗಳು ಒಂದರ ಮೇಲೊಂದು ರಾಶಿ ಬಿದ್ದು ಅಡಿಯವು ಸತ್ತಿರುತ್ತವೆ. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ಒಳ್ಳೆಯದು: ಬಲ್ಬಿನಡಿ ಮುದ್ದೆಯಾದರೆ ಚಳಿ, ಅಂಚಿಗೆ ಓಡಿ ಕೊಕ್ಕು ತೆರೆದರೆ ಸೆಕೆ, ಒಂದೇ ಬದಿಗೆ ಒತ್ತಿ ನಿಂತರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಇಷ್ಟೆಲ್ಲ ಗೊತ್ತಿದ್ದರೂ ಆಟಿ ತಿಂಗಳ ಮಳೆಯಲ್ಲಿ ಕಂಬ ಮುರಿದು ಎರಡು ರಾತ್ರಿ ಕರೆಂಟಿಲ್ಲದಿದ್ದರೆ ಏನು ಮಾಡುತ್ತೀರಿ?

ಅದು ದಾಟಿದರೂ ಮೂರನೇ ವಾರದಿಂದ ರಕ್ತಭೇದಿಯ ಸರದಿ. ಈ ಕಾಕ್ಸಿಡಿಯೋಸಿಸ್‌ಗೆ ನೆಲಕ್ಕೆ ಹಾಸಿದ ಒದ್ದೆ ಉಮಿಯೇ ತವರುಮನೆ. ಒಂದು ಹಿಡಿ ಉಮಿ ಹಿಂಡಿ ಬಿಡಿ. ಉದುರದೆ ಉಂಡೆಯಾಗಿ ನಿಂತರೆ ಬದಲಾಯಿಸಲೇಬೇಕು. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟರೆ ಅರ್ಧ ಒದ್ದೆ ಕಡಿಮೆಯಾಗುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಆಂಪ್ರೋಲಿಯಂ ಔಷಧ ಬೆರೆಸಿದ ನೀರು ಕೊಡಬೇಕು, ನಾಳೆಗೆ ತಡವಾಗುತ್ತದೆ. ಮಳೆಗಾಲದಲ್ಲಿ ಆಹಾರವನ್ನೂ ಹದಿನೈದು ದಿನಕ್ಕಿಂತ ಹೆಚ್ಚು ತಂದಿಡಬೇಡಿ. ಬೂಸ್ಟು ಹಿಡಿದ ಜೋಳ, ಹಿಂಡಿ ಮರಿಯ ಲಿವರನ್ನೇ ತಿನ್ನುತ್ತದೆ.

ಸಣ್ಣ ಮರಿಯೇ ಬೇಕೆಂದಿದ್ದರೆ ಬಲ್ಬಿಗಿಂತ ಊರಕೋಳಿ ಮೇಲು. ಕಾವಿಗೆ ಕೂತು ಎರಡು ವಾರ ಕಳೆದ ಹೇಂಟೆಯನ್ನು ಆರಿಸಿ. ಕತ್ತಲಾದ ಮೇಲೆ ಮೊಟ್ಟೆ ತೆಗೆದು, ಒಂದೆರಡು ದಿನದ ಹತ್ತು ಮರಿಗಳನ್ನು ಒಂದೊಂದಾಗಿ ಎದೆಯಡಿಗೆ ಸರಿಸಿ. ಟಾರ್ಚು ಬೇಡ. ಬೆಳಗ್ಗೆ ಅದು ಲೊಕ್ ಲೊಕ್ ಎಂದು ಮರಿ ಕರೆದರೆ ಗೆದ್ದಿರಿ. ಕುಟುಕಿದರೆ ತಕ್ಷಣ ಮರಿ ತೆಗೆಯಿರಿ. ವಾರ ಪ್ರಾಯದ ಮರಿಗಳನ್ನು ಅದು ಒಪ್ಪುವುದು ಕಷ್ಟ, ಅವೂ ಅದರ ಹಿಂದೆ ಹೋಗುವುದಿಲ್ಲ.

ಇನ್ನು ಬಲೆಗೂಡು. ಬಿವಿ-380 ವರ್ಷಕ್ಕೆ 280ರ ಮೇಲೆ ಮೊಟ್ಟೆ ಇಡುತ್ತದೆ ನಿಜ, ಆದರೆ ದಿನಕ್ಕೆ 110-120 ಗ್ರಾಂ ಲೇಯರ್ ಆಹಾರ ತಿಂದರೆ ಮಾತ್ರ. ಗೂಡಿನಲ್ಲಿಟ್ಟು ಅನ್ನ, ದೋಸೆಚೂರು ಹಾಕಿದರೆ ಮೊಟ್ಟೆ ತೆಳುವಾಗಿ ಒಡೆಯುತ್ತದೆ, ರುಚಿ ಹತ್ತಿದ ಕೋಳಿ ಮೊಟ್ಟೆಯನ್ನೇ ತಿನ್ನಲು ಕಲಿಯುತ್ತದೆ. ಅಡಿಗೆಮನೆಯ ಉಳಿಕೆಯಲ್ಲೇ ಸಾಕುವವರಿಗೆ ತೋಟದಲ್ಲಿ ಕೆದಕುವ ಗಿರಿರಾಜ, ಗ್ರಾಮಪ್ರಿಯ ಸಾಕು. ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಕುಟ್ಟಿ ಬೇರೆ ಬಟ್ಟಲಲ್ಲಿಡಿ. ಮೊಟ್ಟೆಯಿಡುವವು ಬೇಕಾದಷ್ಟು ಹೆಕ್ಕುತ್ತವೆ. ರಾತ್ರಿಗೆ ಮಾತ್ರ ನೆಲದಿಂದ ಎರಡಡಿ ಎತ್ತರದ ಗೂಡು, ಅರ್ಧ ಇಂಚಿನ ಬಲೆ. ಅದಕ್ಕಿಂತ ಅಗಲದ ಕಣ್ಣಿದ್ದರೆ ಹಾವು ನುಗ್ಗುತ್ತದೆ.

ಕೊಕ್ಕರೆ ರೋಗದ (ರಾಣಿಕೇತ್) ಲಸಿಕೆಯಲ್ಲಿ ರಾಜ್ಯಭೇದವಿಲ್ಲ. 5-7ನೇ ದಿನ ಕಣ್ಣಿಗೊಂದು ಹನಿ ಲಸೋಟ ಲಸಿಕೆ, ನಾಲ್ಕನೇ ವಾರ ಇನ್ನೊಮ್ಮೆ, ಎಂಟನೇ ವಾರ ರೆಕ್ಕೆಯಡಿ ಅರ್ಧ ಎಂ.ಎಲ್. ಆರ್2ಬಿ ಚುಚ್ಚುಮದ್ದು. ಕುಪ್ಪಿಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಐಸಿನಲ್ಲಿಟ್ಟರೂ ಒಂದೆರಡು ಗಂಟೆಯೇ ಆಯುಷ್ಯ. ಹಾಗಾಗಿ ನಾಲ್ಕು ಮನೆ ಸೇರಿ ತರುವುದು ಲೇಸು. ಪಂಚಾಯತ್ ಮರಿಗಳು ಕೈಗೆ ಬರುವುದೇ ಈ ಎಂಟನೇ ವಾರದ ಆಸುಪಾಸಿಗೆ. ಕೊನೆಯ ಚುಚ್ಚುಮದ್ದು ಆಗಿದೆಯೋ ಇಲ್ಲವೋ ಎಂದು ಅಲ್ಲೇ ಕೇಳಿಕೊಂಡು ಬನ್ನಿ, ಮಲಯಾಳದಲ್ಲಾದರೂ ಸರಿ.