ಹಸಿರು ಪ್ರಮಾಣಪತ್ರ ಆಮೇಲೆ, ಮೊದಲು ರಿಜಿಸ್ಟರ್ ತೆರೆಯಿರಿ

ಯಾವುದಾದರೂ ಕಂಪನಿ "ನಾವೀಗ ಇಂಗಾಲ ತಟಸ್ಥ", ಅಂದರೆ ಬಿಟ್ಟ ಹೊಗೆಯಷ್ಟನ್ನೂ ಸರಿದೂಗಿಸಿದ್ದೇವೆ, ಎಂದು ಹೇಳಿಕೊಂಡರೆ ನನಗೆ ಕೇಳಬೇಕೆನಿಸುವುದು ಒಂದೇ ಪ್ರಶ್ನೆ: ಕಳೆದ ವರ್ಷ ನಿಮ್ಮ ಎಸಿಗಳಿಗೆ ಎಷ್ಟು ಕಿಲೋ ಗ್ಯಾಸ್ ತುಂಬಿಸಿದಿರಿ? ವೇದಿಕೆಯ ಮೇಲೆ ಕುಳಿತವರಿಗೆ ಇದರ ಉತ್ತರ ಗೊತ್ತಿರುವುದಿಲ್ಲ. ಅದು ಇರುವುದು ನೆಲಮಾಳಿಗೆಯಲ್ಲಿ, ಜನರೇಟರ್ ಕೋಣೆಯ ಪಕ್ಕದ ಮೇಜಿನ ಮೇಲೆ, ಎಣ್ಣೆಯ ಕಲೆ ಹತ್ತಿದ ರಿಜಿಸ್ಟರಿನಲ್ಲಿ. ಬೆಂಗಳೂರಿನ ಕಚೇರಿ ಕಟ್ಟಡಗಳ ನಿರ್ವಹಣೆಯಲ್ಲೇ ನನ್ನ ಅನ್ನ ಹುಟ್ಟುವುದರಿಂದ, ಸ್ವಾಗತ ಕೋಣೆಯ ಗಾಜಿನ ಕಪಾಟಿನಲ್ಲಿರುವ ಪ್ರಶಸ್ತಿಗಳಿಗಿಂತ ಆ ರಿಜಿಸ್ಟರಿನ ಮೇಲೆ ನನಗೆ ನಂಬಿಕೆ ಹೆಚ್ಚು.

ಗ್ಯಾಸಿನ ಲೆಕ್ಕವನ್ನೇ ನೋಡಿ. ನಮ್ಮ ಬಹಳಷ್ಟು ಕಚೇರಿಗಳ ಎಸಿಗಳಲ್ಲಿ ಇನ್ನೂ ಇರುವುದು ಆರ್-410ಎ ಎಂಬ ತಂಪುಕಾರಿ ಗ್ಯಾಸ್. ಇದರ ಒಂದು ಕಿಲೋ ಗಾಳಿಗೆ ಸೇರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 2,088 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿದಿಡುತ್ತದೆ. ಒಂದು ಕಟ್ಟಡದಲ್ಲಿ ವರ್ಷಕ್ಕೆ ಹತ್ತು ಕಿಲೋ ಸೋರಿತು ಎಂದಿಟ್ಟುಕೊಳ್ಳಿ, ಅದೇನೂ ಅಪರೂಪವಲ್ಲ. ಅದು ಹತ್ತಿರಹತ್ತಿರ 21 ಟನ್. ಒಂದು ಲೀಟರ್ ಡೀಸೆಲ್ ಉರಿದರೆ ಹೊರಬರುವುದು ಸುಮಾರು 2.7 ಕಿಲೋ. ಅಂದರೆ ಯಾರ ಕಣ್ಣಿಗೂ ಬೀಳದ, ವಾಸನೆಯೂ ಇಲ್ಲದ ಈ ಸೋರಿಕೆ ಏಳೂವರೆ ಸಾವಿರ ಲೀಟರಿಗೂ ಹೆಚ್ಚು ಡೀಸೆಲ್ ಸುಟ್ಟಿದ್ದಕ್ಕೆ ಸಮ. ಜನರೇಟರ್ ಹೊಗೆ ಉಗುಳಿದರೆ ಅಕ್ಕಪಕ್ಕದವರು ದೂರು ಕೊಡುತ್ತಾರೆ. ಗ್ಯಾಸ್ ಸೋರಿದರೆ "ಕೂಲಿಂಗ್ ಸಾಲುತ್ತಿಲ್ಲ, ಟಾಪ್‌ಅಪ್ ಮಾಡಿಸಿ" ಎಂಬ ಒಂದು ಇಮೇಲ್ ಬರುತ್ತದೆ, ಅಷ್ಟೇ.

ಪರಿಹಾರಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ. ಅನುಭವಿ ಮೆಕ್ಯಾನಿಕ್ ತಾಮ್ರದ ಕೊಳವೆಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಟಾರ್ಚ್ ಹಿಡಿದು ಕಾಯುತ್ತಾನೆ. ಗುಳ್ಳೆ ಎದ್ದಲ್ಲಿ ಸೋರಿಕೆ. ಒಂದೊಂದು ಜೋಡಣೆಗೂ ತಾಳ್ಮೆ ಬೇಕು. ಆದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆಯನ್ನು ಅತಿ ಕಡಿಮೆ ಬೆಲೆ ಕೂಗಿದವರಿಗೆ ಕೊಟ್ಟರೆ ಆ ತಾಳ್ಮೆ ಎಲ್ಲಿಂದ ಬರಬೇಕು? ಹುಡುಗ ಬರುತ್ತಾನೆ, ಸಿಲಿಂಡರ್ ಹಚ್ಚುತ್ತಾನೆ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ತುಂಬಿಸಿದ್ದು ಮುಂದಿನ ಬೇಸಿಗೆಯೊಳಗೆ ಮತ್ತೆ ಆಕಾಶಕ್ಕೆ. ನನ್ನನ್ನು ಕೇಳಿದರೆ, ಕಂಪನಿಯ ಹವಾಮಾನ ನೀತಿ ಶುರುವಾಗಬೇಕಾದದ್ದು ಈ ಗುತ್ತಿಗೆಯ ಷರತ್ತುಗಳಿಂದ: ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವಂತಿಲ್ಲ, ಹಳೆಯ ಯಂತ್ರ ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡುವಂತಿಲ್ಲ.

ವಿದ್ಯುತ್ತಿನದು ಎಲ್ಲರಿಗೂ ಗೊತ್ತಿರುವ ಕಥೆ, ಆದರೂ ಯಾರೂ ಕೇಳುವುದಿಲ್ಲ. ನಮ್ಮ ದೇಶದ ಜಾಲದಿಂದ ಪಡೆಯುವ ಒಂದು ಯೂನಿಟ್ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ಎಸಿಯ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಿದರೆ ಅದು ಎಳೆಯುವ ವಿದ್ಯುತ್ತಿನಲ್ಲಿ ಶೇ 6ರಷ್ಟು ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತಲೇ ಬಂದಿದೆ. ಆದರೂ ಡಿಸೆಂಬರಿನ ಬೆಂಗಳೂರಿನಲ್ಲಿ, ಕಿಟಕಿ ತೆರೆದರೆ ಸಾಕಾಗುವ ಊರಿನಲ್ಲಿ, ತೆರೆಯಲಾಗದ ಗಾಜಿನ ಗೋಡೆ ಕಟ್ಟಿಕೊಂಡು, ಒಳಗೆ ಸ್ವೆಟರ್ ಹಾಕಿ ಕೂರುವ ಜನ ನಾವು.

ಇದನ್ನು ಸರಿಯಾದ ಕ್ರಮದಲ್ಲಿ ಮಾಡಿದವರೂ ಇದ್ದಾರೆ ಎಂದು ಹೇಳದಿದ್ದರೆ ಅನ್ಯಾಯವಾದೀತು. ಇನ್ಫೋಸಿಸ್ 2020ರಲ್ಲಿ ಇಂಗಾಲ ತಟಸ್ಥ ಎಂದು ಘೋಷಿಸಿಕೊಳ್ಳುವ ಮೊದಲು, 2008ರಿಂದಲೇ ತಲಾ ವಿದ್ಯುತ್ ಬಳಕೆ ಇಳಿಸುತ್ತಾ ಬಂದು, ಅದನ್ನು ಅರ್ಧಕ್ಕಿಂತ ಕೆಳಗೆ ತಂದಿತ್ತು. ಹೈದರಾಬಾದಿನ ತನ್ನ ಒಂದು ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ತಣ್ಣೀರಿನ ಕೊಳವೆಗಳನ್ನು ಕಾಂಕ್ರೀಟಿನೊಳಗೇ ಹುದುಗಿಸಿದ ವ್ಯವಸ್ಥೆ ಹಾಕಿ, ಎರಡನ್ನೂ ಅಳೆದು ನೋಡಿತು. ಎರಡನೆಯದರಲ್ಲಿ ವಿದ್ಯುತ್ ಮೂರನೇ ಒಂದು ಭಾಗದಷ್ಟು ಕಡಿಮೆ ಖರ್ಚಾಯಿತು. ತುಮಕೂರು ಜಿಲ್ಲೆಯ ಶಿರಾದಲ್ಲಿ 40 ಮೆಗಾವಾಟ್ ಸೌರ ಘಟಕ ಕಟ್ಟಿತು. ಇಷ್ಟೆಲ್ಲ ಮಾಡಿಯೂ ಉಳಿದದ್ದಕ್ಕೆ ಹಳ್ಳಿಗಳ ಗೋಬರ್ ಗ್ಯಾಸ್, ಸುಧಾರಿತ ಒಲೆಗಳಂಥ ಯೋಜನೆಗಳಿಂದ ಸರಿದೂಗಿಸಿತು. ಈಗ ಅನೇಕರು ಕೊನೆಯ ಮೆಟ್ಟಿಲಿನಿಂದಲೇ ಆರಂಭಿಸುತ್ತಾರೆ. ಇಳಿಸುವ ಕೆಲಸಕ್ಕೆ ಎಂಜಿನಿಯರ್ ಬೇಕು, ವರ್ಷಗಳು ಬೇಕು. ಕ್ರೆಡಿಟ್, ಅಂದರೆ ಬೇರೆಲ್ಲೋ ಯಾರೋ ಇಳಿಸಿದ ಹೊಗೆಯ ಪ್ರಮಾಣಪತ್ರ, ಕೊಳ್ಳುವುದಕ್ಕೆ ಒಂದು ಇನ್‌ವಾಯ್ಸ್ ಸಾಕು.

ಆ ಕ್ರೆಡಿಟ್‌ಗಳಾದರೂ ಗಟ್ಟಿಯೇ? 2023ರ ಜನವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಮತ್ತು ಜರ್ಮನಿಯ ಡೀ ಝೈಟ್ ಪತ್ರಿಕೆಗಳು ಜೊತೆಗೂಡಿ ಪ್ರಕಟಿಸಿದ ತನಿಖೆ, ವೆರಾ ಸಂಸ್ಥೆ ಪ್ರಮಾಣೀಕರಿಸಿದ ಮಳೆಕಾಡು ಕ್ರೆಡಿಟ್‌ಗಳಲ್ಲಿ ಶೇ 90ಕ್ಕೂ ಹೆಚ್ಚಿನವು ಬಹುಶಃ ಲೆಕ್ಕದಲ್ಲಷ್ಟೇ ಇರುವಂಥವು ಎಂದಿತು. ವೆರಾ ಇದನ್ನು ಒಪ್ಪಲಿಲ್ಲ. ಮರುವರ್ಷ ನೇಚರ್ ಸಸ್ಟೈನಬಿಲಿಟಿ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನ, ತಾನು ಪರೀಕ್ಷಿಸಿದ ಒಲೆ ಯೋಜನೆಗಳು ನಿಜವಾದ ಉಳಿತಾಯದ ಸುಮಾರು ಒಂಬತ್ತು ಪಟ್ಟು ಕ್ರೆಡಿಟ್ ಪಡೆದಿವೆ ಎಂದು ತೋರಿಸಿತು. ಹಳ್ಳಿ ನೋಡಿದವರಿಗೆ ಇದರ ಕಾರಣ ಥಟ್ಟನೆ ಹೊಳೆಯುತ್ತದೆ. ಹೊಸ ಒಲೆ ಕೊಟ್ಟ ಮಾತ್ರಕ್ಕೆ ಹಳೆಯ ಒಲೆ ಆರುವುದಿಲ್ಲ. ಸ್ನಾನದ ನೀರಿಗೆ, ಹಬ್ಬದ ಹೋಳಿಗೆಗೆ, ನೆಂಟರು ತುಂಬಿದ ದಿನ ದೊಡ್ಡ ಪಾತ್ರೆಗೆ ಸೌದೆ ಒಲೆಯೇ ಬೇಕು. ಕಾಗದದಲ್ಲಿ ಮಾತ್ರ ಅದು ಆರಿರುತ್ತದೆ.

ಹಾಗೆಂದು ಎಲ್ಲವೂ ಮೋಸವೆನ್ನಲಾರೆ. ಬಾಗೇಪಲ್ಲಿಯ ಕಡೆ ಕೂಲಿಕಾರರ ಸಂಘದೊಂದಿಗೆ ಕೆಲಸ ಮಾಡುವ ಅಡಾಟ್ಸ್ ಸಂಸ್ಥೆಯ ಯೋಜನೆಯೊಂದು 2005ರಲ್ಲೇ, ಇಂಥ ಕ್ರೆಡಿಟ್ ಕೊಡುವ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ಕಾರ್ಯಕ್ರಮದಡಿ ನೋಂದಣಿಯಾಯಿತು. 5,500 ಮನೆಗಳಿಗೆ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕ ಕಟ್ಟಿಕೊಡುವ ಯೋಜನೆ ಅದು. ಸಗಣಿ ಕಲಸಿ ಹಾಕಿದರೆ ಅಡುಗೆಗೆ ನೀಲಿ ಜ್ವಾಲೆ, ಹೊಲಕ್ಕೆ ಬಗ್ಗಡ. ಸೌದೆ ಹೊರೆಯೂ ಇಲ್ಲ, ಹೊಗೆಯ ಕೆಮ್ಮೂ ಇಲ್ಲ. ಆದರೆ ಇದಕ್ಕೂ ಒಂದು ಷರತ್ತಿದೆ: ಹಟ್ಟಿಯಲ್ಲಿ ದನ ಇರಬೇಕು. ಮೇವಿಲ್ಲದ ವರ್ಷ ದನ ಮಾರಿದ ಮನೆಯಲ್ಲಿ ಘಟಕ ಬರೀ ಗುಂಡಿ. ಆದ್ದರಿಂದ ಕ್ರೆಡಿಟ್ ಕೊಳ್ಳಲೇಬೇಕಾದ ಕಂಪನಿ, ತನ್ನ ಜನ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ಹತ್ತಿರದ್ದನ್ನು ಕೊಳ್ಳಲಿ. ಹೋಗಿ ಒಲೆ ಉರಿಯುತ್ತಿದೆಯೇ ಎಂದು ನೋಡಲಿ. ಎಷ್ಟು ಬೆಲೆ ಕೊಟ್ಟಿತು, ಅದರಲ್ಲಿ ಆ ಮನೆಗೆ ಎಷ್ಟು ತಲುಪಿತು ಎಂಬುದನ್ನು ವರದಿಯಲ್ಲಿ ಬರೆಯಲಿ. "ತಟಸ್ಥ" ಎನ್ನುವ ಬದಲು "ಇಷ್ಟು ಹೊಗೆ ಬಿಟ್ಟಿದ್ದೇವೆ, ಇಂಥಲ್ಲಿಗೆ ಇಷ್ಟು ಹಣ ಕೊಟ್ಟಿದ್ದೇವೆ" ಎಂದರೆ ನಾನಂತೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

(ಜೂನ್ 5ರ ಪರಿಸರ ದಿನಕ್ಕೆ ಕಂಪನಿಗಳು ನೆಡುವ ಸಸಿಗಳ ಬಗ್ಗೆ ಬರೆದರೆ ಸ್ನೇಹಿತರು ಕಡಿಮೆಯಾಗುತ್ತಾರೆ. ಇಷ್ಟು ಹೇಳಿ ಬಿಡುತ್ತೇನೆ: ನೆಟ್ಟವರ ಫೋಟೊ ಸಾಕು, ಮೂರನೆಯ ಬೇಸಿಗೆಯಲ್ಲಿ ನೀರು ಹಾಕಿದವರ ಫೋಟೊ ಹಾಕಿ.)

ಇನ್ನೊಂದು ಸಂಕಟ ಪೀಣ್ಯದಂಥ ಕಡೆಯ ಸಣ್ಣ ಕಾರ್ಖಾನೆಗಳದು. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡಬೇಕೆಂದು ಸೆಬಿ 2022-23ರಿಂದ ಕಡ್ಡಾಯ ಮಾಡಿತು; ಷೇರುಪೇಟೆಯ ನಿಯಂತ್ರಕ ಸಂಸ್ಥೆ ಅದು. ವಿದೇಶಿ ಗ್ರಾಹಕರ ಒತ್ತಡ ಬೇರೆ. ಇವೆಲ್ಲ ಇಳಿದು ಬರುವುದು ಹತ್ತು ಲೇತ್ ಇಟ್ಟುಕೊಂಡವರ ಮೇಲೆ, ಎಕ್ಸೆಲ್ ಹಾಳೆಯ ರೂಪದಲ್ಲಿ. "ನಿಮ್ಮ ಇಂಗಾಲದ ಲೆಕ್ಕ ತುಂಬಿ ಕಳುಹಿಸಿ." ತುಂಬುವವರು ಯಾರು, ಅದಕ್ಕೆ ಖರ್ಚು ಕೊಡುವವರು ಯಾರು? ಬಿಲ್ಲಿಗೆ ಮೂರು ತಿಂಗಳು ಕಾಯಿಸುವವರು ಹಾಳೆಗೆ ಮೂರು ದಿನ ಗಡುವು ಕೊಡುತ್ತಾರೆ. ಭಾನುವಾರ ಯಂತ್ರಗಳೆಲ್ಲ ನಿಂತಾಗ ಅಂಥ ಶೆಡ್ಡಿನೊಳಗೆ ಹೋಗಿ, ಕಂಪ್ರೆಸರ್ ಮಾತ್ರ ಚಾಲೂ ಮಾಡಿ ಕಿವಿಗೊಟ್ಟರೆ, ಗಾಳಿಯ ಕೊಳವೆಗಳಿಂದ ಅಲ್ಲೊಂದು ಇಲ್ಲೊಂದು ಬುಸ್ ಎಂಬ ಸದ್ದು ಕೇಳುತ್ತದೆ. ಗಮನವಿಲ್ಲದ ಕಡೆ ಒತ್ತಿದ ಗಾಳಿಯ ಐದರಲ್ಲಿ ಒಂದು ಭಾಗ ಹೀಗೇ ಹೋಗುವುದುಂಟು. ದೊಡ್ಡ ಕಂಪನಿ ಹಾಳೆ ಕಳುಹಿಸುವ ಬದಲು ತನ್ನ ಎಂಜಿನಿಯರನ್ನು ಎರಡು ದಿನ ಕಳುಹಿಸಲಿ, ರಿಪೇರಿಗೆ ಮುಂಗಡ ಕೊಡಲಿ. ಹೇಗೂ ಆ ಉಳಿತಾಯ ಅವರ ವರದಿಯ ಮೂರನೇ ವ್ಯಾಪ್ತಿಯಲ್ಲೇ (ಸ್ಕೋಪ್ 3, ಅಂದರೆ ಪೂರೈಕೆದಾರರಂಥ ಹೊರಗಿನವರು ಕಂಪನಿಗಾಗಿ ಬಿಡುವ ಹೊಗೆಯ ಲೆಕ್ಕ) ಕಾಣಿಸುತ್ತದೆ.

ಅದೇ ಮೂರನೇ ವ್ಯಾಪ್ತಿಯಲ್ಲಿ ನೌಕರರ ಓಡಾಟವೂ ಬರುತ್ತದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೆ ಓಡತೊಡಗಿತು. ಅದರ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್, ಹೆಬ್ಬಗೋಡಿ ನಿಲ್ದಾಣಕ್ಕೆ ಬಯೋಕಾನ್ ಫೌಂಡೇಶನ್ ಹಣ ಕೊಟ್ಟಿವೆ. ಇದಕ್ಕೆ ಯಾವ ಕ್ರೆಡಿಟ್ಟೂ ಹುಟ್ಟುವುದಿಲ್ಲ, ಆದರೂ ದೂರದ ಕಾಡಿನ ಕಾಗದಕ್ಕಿಂತ ಇದನ್ನೇ ನಾನು ಮೇಲೆ ಇಡುತ್ತೇನೆ. ಉಳಿದ ಕಂಪನಿಗಳು ನಿಲ್ದಾಣ ಕಟ್ಟಬೇಕಿಲ್ಲ. ನಿಲ್ದಾಣದಿಂದ ತಮ್ಮ ಗೇಟಿನವರೆಗೆ ಹತ್ತು ನಿಮಿಷಕ್ಕೊಂದು ವಿದ್ಯುತ್ ಬಸ್ ಓಡಿಸಲಿ, ನೆಲಮಾಳಿಗೆಯ ಕಾರು ನಿಲುಗಡೆಗೆ ಬಾಡಿಗೆ ಹಾಕಲಿ, ಆ ಬಾಡಿಗೆಯಿಂದಲೇ ಬಸ್ಸಿನ ಖರ್ಚು ತೆಗೆಯಲಿ. ವಿನಾಯಿತಿ ಯಾರಿಗೂ ಬೇಡ, ನಿರ್ದೇಶಕರ ಕಾರಿಗೂ.