ಬೇರಿಂಗ್ ಹೋಗಿದೆ ಸಾರ್!

ಪಿಕಪ್ಪಿನ ಮುಂದಿನ ಆಕ್ಸಲ್ಲಿನಿಂದ ಬರುವ ಸದ್ದು ಮಹಾ ಕಿಲಾಡಿ. ಕೊಟ್ಟಿಗೆಹಾರದಿಂದ ಮೂಡಿಗೆರೆಯವರೆಗೆ ದಾರಿಯುದ್ದಕ್ಕೂ ಕಟಕಟ ಅನ್ನುತ್ತಾ ಬರುತ್ತದೆ. ಗ್ಯಾರೇಜಿನ ಗೇಟು ಕಂಡಿತೋ, ನೆಂಟರ ಎದುರು ಕೂರಿಸಿದ ಪುಂಡ ಹುಡುಗನ ಹಾಗೆ ಬಾಯಿ ಮುಚ್ಚಿಬಿಡುತ್ತದೆ. ಮೇಸ್ತ್ರಿ ಒಂದು ರೌಂಡು ಓಡಿಸಿಕೊಂಡು ಬಂದು, "ಎಂಥ ಸೌಂಡು ಸಾರ್? ಎಂಥದೂ ಇಲ್ಲವಲ್ಲ" ಅನ್ನುತ್ತಾರೆ. ಆಗ ಆ ಸದ್ದನ್ನು ನಾವೇ ಮಾಡಿ ತೋರಿಸಬೇಕು. ತೋಟ ಇರುವ, ಸೊಸೈಟಿಯಲ್ಲಿ ಡೈರೆಕ್ಟರ್ ಆಗಿರುವ, ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿರುವ ಮನುಷ್ಯ ಹಾಡಹಗಲು ನಿಂತು "ಗುರ್ರ್... ಟಕ್... ಗುರ್ರ್ ಟಕ್" ಅನ್ನಬೇಕು. ಗಾಡಿಯಡಿ ಮಲಗಿದ ಹುಡುಗರು ನಗುವುದು ಕೇಳಿಸುತ್ತದೆ. ಫೋರ್‌ವೀಲ್ ಗಾಡಿ, ಅಂದರೆ ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಗಾಡಿ, ಇಟ್ಟುಕೊಂಡವರಿಗೆಲ್ಲ ಈ ಅವಮಾನ ಪರಿಚಿತ.

ಸರಿಯಾಗಿ ಇದೇ ಹೊತ್ತಿಗೆ ಅಲ್ಲೊಬ್ಬರು ಪ್ರತ್ಯಕ್ಷರಾಗುತ್ತಾರೆ. ಊರಿಗೊಬ್ಬರು ಇದ್ದೇ ಇರುತ್ತಾರೆ. ಬಂದಿರುವುದು ಸ್ಕೂಟರಿಗೆ ಗಾಳಿ ಹಿಡಿಸಲು. ಆದರೂ ಹತ್ತಿರ ಬಂದು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ಸದ್ದು ಚಕ್ರದ ಹತ್ತಿರ ಮಾರಾಯ್ರೆ, ಬಾನೆಟ್ಟಿನ ಮೇಲೆ ಕೈ ಯಾಕೆ? ಕೇಳುವಂತಿಲ್ಲ, ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತಾರೆ. ಟೈರಿಗೆ ಎರಡು ಸಲ ಒದೆಯುತ್ತಾರೆ. ಆಮೇಲೆ ತೀರ್ಪು: "ಬೇರಿಂಗ್ ಹೋಗಿದೆ ಸಾರ್."

ತಿರುವಿನಲ್ಲಿ ಕಟಕಟ ಅಂದರೂ ಬೇರಿಂಗು, ಹೊರಡುವಾಗ ಲೊಟಕ್ ಅಂದರೂ ಬೇರಿಂಗು. ವೈಪರ್ ಕಿರುಗುಟ್ಟಿದರೂ ಅದನ್ನೇ ಹೇಳುತ್ತಾರೇನೋ. ಎಡಗಡೆಯದೋ ಬಲಗಡೆಯದೋ ಎಂದು ಕೇಳಿದರೆ ಅವರಿಗೆ ಸ್ವಲ್ಪ ಬೇಜಾರಾಗುತ್ತದೆ. "ಎರಡೂ ಹಾಕ್ಸಿಬಿಡಿ, ಹೆಂಗೂ ಬಿಚ್ಚಿರ್ತಾರೆ." ಈ 'ಹೆಂಗೂ ಬಿಚ್ಚಿರ್ತಾರೆ' ಎಷ್ಟು ಜನರ ಮೆಣಸಿನ ದುಡ್ಡು ತಿಂದಿದೆಯೋ! ಈಗಿನ ಎಷ್ಟೋ ಪಿಕಪ್‌ಗಳಲ್ಲಿ ಚಕ್ರ ಸಲೀಸಾಗಿ ತಿರುಗುವಂತೆ ಮಾಡುವ ಬೇರಿಂಗೂ ಚಕ್ರವನ್ನು ಹಿಡಿದಿಡುವ ನಡುಭಾಗವಾದ ಹಬ್ಬೂ ಸೇರಿ ಒಂದೇ ಸೆಟ್ಟು. ಬೇರಿಂಗ್ ಬೇಕೆಂದರೆ ಪೂರ್ತಿ ಸೆಟ್ಟನ್ನೇ ಕೊಳ್ಳಬೇಕು. ಎರಡೂ ಕಡೆ ಹೊಸದು ಹಾಕಿಸಿ, ಬಿಲ್ಲು ಕೊಟ್ಟು, ಗೇಟು ದಾಟಿ ಎರಡನೇ ಗೇರಿಗೆ ಬೀಳುವಷ್ಟರಲ್ಲಿ ಮತ್ತೆ ಕಟಕಟ.

ಅವರು ಕೆಲವು ಸಲ ಸರಿಯೂ ಇರುತ್ತಾರಲ್ಲ, ಸಿಟ್ಟು ಬರುವುದೇ ಅದಕ್ಕೆ. ಬೇರಿಂಗ್ ಹೋಗುವುದುಂಟು, ಅದಕ್ಕೊಂದು ಲಕ್ಷಣವೂ ಉಂಟು. ಗುಂಯ್ ಎನ್ನುವ ಸದ್ದು ವೇಗದ ಜೊತೆ ಏರುತ್ತದೆ. ಕ್ಲಚ್ ಒತ್ತಿದರೂ ನ್ಯೂಟ್ರಲ್ಲಿಗೆ ಹಾಕಿದರೂ ಅದಕ್ಕೆ ಲೆಕ್ಕವಿಲ್ಲ. ಖಾಲಿ, ನೇರ ರಸ್ತೆಯಲ್ಲಿ 50-60ರ ವೇಗದಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ಎಳೆಯಿರಿ. ಭಾರ ಬಲ ಚಕ್ರಕ್ಕೆ ಬೀಳುತ್ತದೆ. ಸದ್ದು ಜೋರಾದರೆ ಅನುಮಾನ ಬಲಗಡೆಯದರ ಮೇಲೆ. ಬಲಕ್ಕೆ ಎಳೆದಾಗ ಜೋರಾದರೆ ಎಡಗಡೆಯದರ ಮೇಲೆ. ಆಮೇಲೆ ಹಿಂದಿನ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಮುಂದೆ ಜಾಕ್ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಜಾಕನ್ನೊಂದೇ ನಂಬಬೇಡಿ. ಒಂದು ಕೈ ಸಸ್ಪೆನ್ಶನ್ ಸ್ಪ್ರಿಂಗಿನ ಮೇಲಿರಲಿ, ಇನ್ನೊಂದರಿಂದ ಚಕ್ರ ತಿರುಗಿಸಿ. ಸವೆದ ಬೇರಿಂಗಿನ ಗರಗರ ಸ್ಪ್ರಿಂಗಿನಲ್ಲಿ ಕೈಗೇ ತಿಳಿಯುತ್ತದೆ. ಆದರೆ ಉಬ್ಬುತಗ್ಗಾಗಿ ಸವೆದ ಟೈರು ಕೂಡ ಇದೇ ರಾಗ ಹಾಡುತ್ತದೆ. ದುಡ್ಡು ಬಿಚ್ಚುವ ಮೊದಲು ಮುಂದಿನ ಟೈರನ್ನು ಹಿಂದಕ್ಕೆ ಹಾಕಿ ನೋಡಿ. ಸದ್ದೂ ಹಿಂದಕ್ಕೆ ಹೋದರೆ ಬೇರಿಂಗಿಗೆ ಕೈ ಮುಗಿದು ಬಿಟ್ಟುಬಿಡಿ.

ಎಂಥ ಸದ್ದು ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದೇ ಮುಖ್ಯ. ಇದನ್ನು ತಿಳಿಯುವ ಸಾಧನ ಗಾಡಿಯಲ್ಲೇ ಇದೆ, ಫೋರ್‌ವೀಲ್ ಲಿವರು. ಹಬ್ಬನ್ನು ಕೈಯಲ್ಲೇ ತಿರುಗಿಸಿ ಲಾಕ್ ಮಾಡುವ ಗಾಡಿಯಾದರೆ ಇನ್ನೂ ಸುಲಭ. ಹಬ್ ಫ್ರೀ ಮಾಡಿ (ಅಂದರೆ ಮುಂದಿನ ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸಿ) ಟೂ ವೀಲಿನಲ್ಲಿ, ಹಿಂದಿನ ಚಕ್ರಗಳಿಗಷ್ಟೇ ಬಲ ಹೋಗುವಂತೆ, ಓಡಿಸಿ. ಆಗ ಮುಂದಿನ ಆಕ್ಸಲ್, ಅದರ ನಡುವಿನ ಹಲ್ಲುಚಕ್ರಗಳಾದ ಕ್ರೌನ್-ಪಿನಿಯನ್, ಅಲ್ಲಿಗೆ ಎಂಜಿನ್ನಿನ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಸುಮ್ಮನೆ ನಿಂತಿರುತ್ತವೆ. ಆದರೂ ಸದ್ದು ಬಂದರೆ ಬೇರಿಂಗು, ಬ್ರೇಕು, ಟೈರು, ಈ ಮೂರರಲ್ಲೊಂದು. ಇನ್ನು ಲಿವರ್ ಅಲ್ಲೇ ಬಿಟ್ಟು ಹಬ್ ಮಾತ್ರ ಲಾಕ್ ಮಾಡಿ. ಈಗ ಅವೆಲ್ಲ ತಿರುಗುತ್ತವೆ, ಎಂಜಿನ್ನಿನ ಬಲ ಮಾತ್ರ ಬೀಳುವುದಿಲ್ಲ. ಆಗ ಹೊಸದಾಗಿ ಸದ್ದು ಹುಟ್ಟಿದರೆ ಕಳ್ಳ ಅಲ್ಲೇ ಇದ್ದಾನೆ. ಮಣ್ಣು ರಸ್ತೆಯಲ್ಲಿ ಫೋರ್‌ವೀಲಿಗೆ ಹಾಕಿ ಏರು ಹತ್ತಿಸಿದಾಗ ಮಾತ್ರ 'ಟಡಕ್' ಅಂದರೆ ಶಾಫ್ಟಿನ ಕೀಲಾದ ಕ್ರಾಸನ್ನು ನೋಡಿ, ಅಥವಾ ಮುಂದಿನ-ಹಿಂದಿನ ಆಕ್ಸಲ್ಲುಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಚೈನು ಸಡಿಲಾಗಿ ಹಲ್ಲು ಹಾರಿಸುತ್ತಿರಬಹುದು. ಬಟನ್ ಒತ್ತಿ ಫೋರ್‌ವೀಲ್ ಹಾಕುವ ಹಲವು ಗಾಡಿಗಳಲ್ಲಿ ಈ ಸೌಕರ್ಯ ಪೂರ್ತಿ ಇಲ್ಲ, ಟೂ ವೀಲಿನಲ್ಲೂ ಅಡ್ಡ ಆಕ್ಸಲ್‌ಗಳು ಚಕ್ರದ ಜೊತೆ ತಿರುಗುತ್ತಲೇ ಇರುತ್ತವೆ.

ಡಾಂಬರಿನ ಮೇಲೆ ಫೋರ್‌ವೀಲ್ ಹಾಕಿಕೊಂಡು ಯು-ಟರ್ನ್ ಹೊಡೆದು "ಎಳೀತದೆ, ಕುಣೀತದೆ" ಅನ್ನುವವರಿಗೆ ಒಂದು ಮಾತು: ಅದು ರಿಪೇರಿ ಅಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು, ಲಾಕ್ ಆದ ಟ್ರಾನ್ಸ್‌ಫರ್ ಕೇಸು ಬಿಡುವುದಿಲ್ಲ. ಜಾರುವ ನೆಲದಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲಾರದೆ ಕುಣಿಯುತ್ತದೆ. ಲಿವರನ್ನು ಟೂ ವೀಲಿಗೆ ಹಾಕಿ.

ಇನ್ನೊಂದು ಉಪಾಯ ಎಣಿಸುವುದು. ಬದಿಯಲ್ಲಿ 245/70 ಆರ್16 ಎಂದು ಅಳತೆ ಬರೆದಿರುವ ಟೈರಿನ ಸುತ್ತಳತೆ ಸುಮಾರು 2.35 ಮೀಟರು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಕ್ರೌನ್-ಪಿನಿಯನ್ ಅನುಪಾತ 4.1 ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನದು 4.1 ಸುತ್ತಾದರೆ, ಶಾಫ್ಟು ಸೆಕೆಂಡಿಗೆ ಸುಮಾರು ಐದು ಸುತ್ತು. 'ಟಕ್... ಟಕ್' ಎಂದು ನಿಧಾನವಾಗಿ ಬಂದರೆ ಚಕ್ರದ ಕಡೆಯದು. ಎಣಿಸಲಾಗದಷ್ಟು ಬೇಗ 'ಕಿಚಿಕಿಚಿ' ಎಂದು ಬಂದರೆ ಶಾಫ್ಟಿನದು. ಕ್ರಾಸಿನ ಬಟ್ಟಲ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗುಗಳಲ್ಲಿ ಗ್ರೀಸ್ ಒಣಗಿ ಬಹಳ ದಿನವಾಗಿದೆ. (ಹೌದು, ಅದೂ ಬೇರಿಂಗೇ. ಸ್ಕೂಟರಿನವರಿಗೆ ಹೇಳಬೇಡಿ.) ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಅಂದರೆ ಹೊರಗಿನ ಸಿವಿ ಜಾಯಿಂಟು, ಚಕ್ರ ಹೊರಳಿದಾಗಲೂ ಬಲ ಸಾಗಿಸುವ ಆಕ್ಸಲ್ಲಿನ ಕೀಲು. ಅದರ ರಬ್ಬರ್ ಬೂಟು ಹರಿದು, ಗ್ರೀಸೆಲ್ಲ ರಿಮ್ಮಿನ ಒಳಬದಿಗೆ ಸಿಡಿದು, ಇದ್ದ ಜಾಗಕ್ಕೆ ಮಣ್ಣು ಹೊಕ್ಕಿರುತ್ತದೆ. ಬೂಟು ಹರಿದ ವಾರದಲ್ಲೇ ನೋಡಿದರೆ ಹೊಸ ಬೂಟು, ಮಾಲಿಬ್ಡಿನಂ ಗ್ರೀಸು, ಎರಡು ಕ್ಲಿಪ್ಪಿನಲ್ಲಿ ಮುಗಿಯುತ್ತದೆ. ಕಟಕಟ ಶುರುವಾದ ಮೇಲೆ ಗ್ರೀಸ್ ತುಂಬಿ ಪ್ರಯೋಜನವಿಲ್ಲ.

ಮಾನ ತೆಗೆಯುವ ಸದ್ದು ಇನ್ನೊಂದಿದೆ. ಬ್ರೇಕ್ ಡಿಸ್ಕಿನ ಹಿಂದೆ ಕೆಸರು ಸಿಡಿಯದಿರಲೆಂದು ತೆಳು ತಗಡು ಇರುತ್ತದೆ. ತೋಟದ ರಸ್ತೆಯ ಜಲ್ಲಿ ಚೂರೊಂದು ನಡುವೆ ಸಿಕ್ಕಿಕೊಂಡರೆ ಇಡೀ ಊರು ತಿರುಗಿ ನೋಡುವಂತೆ 'ಕಿರ್ರ್‌ರ್' ಅನ್ನುತ್ತದೆ. ಕ್ರೌನ್-ಪಿನಿಯನ್ ಇರುವ ಡಿಫರೆನ್ಶಿಯಲ್ಲೇ ಪುಡಿಯಾಗಿದೆ ಎಂದು ಎದೆ ಧಸಕ್ಕೆನ್ನುತ್ತದೆ. ಹತ್ತಡಿ ರಿವರ್ಸ್ ತೆಗೆದರೆ ಕೆಲವು ಸಲ ಕಲ್ಲು ತಾನೇ ಬೀಳುತ್ತದೆ, ಇಲ್ಲವಾದರೆ ಸ್ಕ್ರೂಡ್ರೈವರಿನಿಂದ ತಗಡನ್ನು ಚೂರು ಬಗ್ಗಿಸಬೇಕು. ಖರ್ಚು ಸೊನ್ನೆ. ಆ ಕಲ್ಲನ್ನು ತೋರಿಸಿದರೂ ಸ್ಕೂಟರಿನವರು ಸೋಲುವುದಿಲ್ಲ. "ಕಲ್ಲು ಉಜ್ಜಿ ಉಜ್ಜಿ ಒಳಗೆ ಬೇರಿಂಗೂ ಹೋಗಿರ್ತದೆ, ನೋಡ್ಸಿ."

ಮಲೆನಾಡಿನ ಹಳೇ ಜೀಪ್ ಡ್ರೈವರುಗಳು ಇಷ್ಟೆಲ್ಲ ಮಾತಾಡುತ್ತಿರಲಿಲ್ಲ. ರಸ್ತೆಯ ಪಕ್ಕ ಎತ್ತರದ ಧರೆ ಇರುವ ಕಡೆ ಹೋಗಿ, ಅದಕ್ಕೆ ಒತ್ತಿಕೊಂಡು ಮೆಲ್ಲಗೆ ಓಡಿಸುತ್ತಿದ್ದರು. ಚಕ್ರದ ಸದ್ದು ಮಣ್ಣಿನ ಗೋಡೆಗೆ ಬಡಿದು ವಾಪಸು ಕಿವಿಗೆ ಬರುತ್ತಿತ್ತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಟ್ರಾನ್ಸ್‌ಫರ್ ಕೇಸಿಗೆ ಇಟ್ಟು, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿಕೊಂಡು ಕೂತರೆ ಸುತ್ತಲಿನವರೂ ಉಸಿರು ಬಿಗಿಹಿಡಿಯಬೇಕಿತ್ತು. ಈಗ ಕಿಟಕಿ ಏರಿಸಿ, ಏಸಿ ಹಾಕಿ, ಹಾಡು ಹಚ್ಚಿಕೊಂಡು ಹೋಗುತ್ತೇವೆ. ಸದ್ದು ಹಾಡನ್ನು ಮೀರಿದ ದಿನ ಗ್ಯಾರೇಜು.

ಮುಂದಿನ ಡಿಫರೆನ್ಶಿಯಲ್ಲೇ ಉಯ್ಯೋ ಅನ್ನುತ್ತಿದ್ದರೆ ಮೊದಲು ಆಯಿಲ್ ನೋಡಿ. ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಒಳಗೆ ಗಾಳಿಯಾಡಲು ಇರುವ ಬ್ರೀದರ್ ಪೈಪು ಮಣ್ಣಿನಿಂದ ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ, ಆಯಿಲ್ ಹಾಲುಬಣ್ಣಕ್ಕೆ ತಿರುಗುತ್ತದೆ. ಆಯಿಲ್ ಇಳಿಸುವ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಕಾಡಿಗೆಯಷ್ಟು ನುಣ್ಣನೆ ಪುಡಿ ಅಂಟಿದ್ದರೆ ಚಿಂತೆಯಿಲ್ಲ. ಚಕ್ಕೆ ಸಿಕ್ಕರೆ ಬಿಚ್ಚಿಸಲೇಬೇಕು. ಹೊಸದಾಗಿ ಹಾಕುವುದು ಗಾಡಿಯ ಪುಸ್ತಕ ಹೇಳಿದ್ದನ್ನೇ, ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯು-90 ಗೇರ್ ಆಯಿಲ್. ಮತ್ತೆ, ದಯವಿಟ್ಟು, ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದೆಂದು ಖಾತ್ರಿ ಮಾಡಿಕೊಂಡೇ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಿ. ಆಯಿಲೆಲ್ಲ ಇಳಿಸಿದ ಮೇಲೆ ಫಿಲ್ಲರ್ ಜಾಮ್ ಆಗಿರುವುದು ಗೊತ್ತಾದರೆ ಗಾಡಿ ಅಲ್ಲೇ, ನೀವು ಬಸ್ಸಿಗೆ.